ಮೇಲುಸ್ವರದ ಮನೆ

ಊರಿನ ಚರ್ಚಿನ ಸಭಾಪಾಲಕರ ಫೋನು ಬಂದಾಗ ಸ್ವರ್ಣಲತಾ ಸೌದಿಯ ದಮ್ಮಾಮಿನ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬೂತಾಯಿ ಮೀನಿನ ಹೊಟ್ಟೆ ಸೀಳುತ್ತಿದ್ದಳು. ಕೈ ತೊಳೆಯಲು ಪುರುಸೊತ್ತಿಲ್ಲದೆ ಮೊಣಕೈಯಲ್ಲೇ ಸ್ಪೀಕರ್ ಒತ್ತಿದಳು.

"ಅಮ್ಮಾ, ಒಂದು ತೀರ್ಮಾನ ಆಗ್ತಾ ಉಂಟು," ಅಂದರು ಅವರು. "ಮೇ ತಿಂಗಳಲ್ಲಿ ದೇವಾಲಯಕ್ಕೆ ನೂರೈವತ್ತು ತುಂಬುವ ಆರಾಧನೆಗೆ ಮಾಡಿನ ಹಾಡು ಬೇಡ ಅಂತ ಹಿರಿಯರು ಹೇಳ್ತಿದ್ದಾರೆ. ಮಂಗಳೂರಿಂದ ಕ್ವಾಯರ್ ಬರ್ತದೆ. ಒಳ್ಳೆ ಕ್ವಾಯರ್."

"ಬೇಡ ಅಂದ್ರೆ ಎಂತ ಅಯ್ಯನವರೇ? ವರ್ಷಾ ವರ್ಷ ಹಾಡಿದ್ದಲ್ವಾ ಅದು?"

"ಬೇಡ ಅಂತಲ್ಲ ಅಮ್ಮಾ. ಇಲ್ಲ. ಮೇಲುಸ್ವರ ನಿಮ್ಮ ಅಮ್ಮನ ಒಟ್ಟಿಗೇ ಹೋಯ್ತಲ್ಲ. ಉಳಿದ ಮೂರು ಸ್ವರ ಹಿಡ್ಕೊಂಡು ನಾವು ಎಂತ ಮಾಡುವುದು?"

ಸ್ವರ್ಣಲತಾ ಕತ್ತಿ ಕೆಳಗಿಟ್ಟಳು. ಈಸ್ಟರ್ ಮುಗಿಯುವವರೆಗೆ ಸಮಯ ಕೊಡಿ ಎಂದು ಬೇಡಿಕೊಂಡಳು. ಅವರು ಒಳ್ಳೆಯ ಮನುಷ್ಯ, ಕೊಟ್ಟರು. ಆದರೆ ಈಸ್ಟರ್ ಮಾರನೆಯ ದಿನ ಆಮಂತ್ರಣ ಅಚ್ಚಿಗೆ ಹೋಗುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದೂ ಹೇಳಿಯೇ ಫೋನಿಟ್ಟರು.

ಒಂದು ಹಾಡು ಒಬ್ಬ ಮುದುಕಿಯ ಜೊತೆ ಮಣ್ಣಿಗೆ ಹೋಗುವುದೆಂದರೆ ಯಾರಿಗಾದರೂ ವಿಚಿತ್ರ ಅನ್ನಿಸೀತು. ಕುದ್ರುಬೈಲಿನ ಕ್ರೈಸ್ತ ದೇವಾಲಯದ ಕಥೆ ಗೊತ್ತಿದ್ದವರಿಗೆ ಅನ್ನಿಸುವುದಿಲ್ಲ.

ಉಡುಪಿಯ ತೆಂಕಕ್ಕೆ, ಹೊಳೆಯೊಂದು ಸಮುದ್ರ ಸೇರುವ ಮೊದಲು ಸೋಮಾರಿಯಾಗಿ ಬಳಸಿಕೊಂಡು ಹೋಗುವಲ್ಲಿ ಈ ಹಳ್ಳಿ. ನೂರೈವತ್ತು ವರ್ಷದ ಹಿಂದೆ ಜರ್ಮನಿಯ ಯಾವುದೋ ಕುಗ್ರಾಮದಿಂದ ಅಲ್ಲಿಗೆ ಬಂದಿಳಿದವರು ಯಾಕೋಬ್ ವೆಂಡ್ಲರ್ ಮತ್ತು ಅವನ ಹೆಂಡತಿ ಮಾರ್ಗರೇಟ. ಅವನು ಪಾದ್ರಿಯಲ್ಲ, ಹಂಚು ಸುಡುವ ಕಸುಬಿನವನು. ಹೊಳೆಯ ಜೇಡಿಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ, ತೃಪ್ತಿಯಾಯಿತು, ಆವೆ ಹಾಕಿದ. ಜಾತಿಯವರು ಹೊರಗಿಟ್ಟಿದ್ದ ನಾಲ್ಕು ಕುಟುಂಬಗಳು ಅವನ ಹತ್ತಿರ ಕೆಲಸಕ್ಕೆ ಸೇರಿ, ಕೆಲಸದ ಜೊತೆಗೆ ವೇದಪಾಠ ಕೇಳಿ, ದೀಕ್ಷಾಸ್ನಾನ ಪಡೆದವು. ಮುರಕಲ್ಲಿನ ಗೋಡೆ ಎಬ್ಬಿಸಿ, ಮಾಡಿಗೆ, ಅಂದರೆ ಛಾವಣಿಗೆ, ತಾವೇ ಸುಟ್ಟ ಹಂಚು ಹೊದೆಸಿ, ದೇವಾಲಯ ಕಟ್ಟಿದರು. ಅವನ ಊರಿನಿಂದ ಹಾರ್ಮೋನಿಯಂ ಕೂಡ ಬಂತು, ಹಡಗಿನಲ್ಲಿ ಬಂದು, ಆಮೇಲೆ ದೋಣಿಯಲ್ಲಿ ಬಂದು. ಮೊದಲನೆಯ ಮಳೆಗಾಲದಲ್ಲೇ ಗೆದ್ದಲು ಅದನ್ನು ತಿಂದು ತೇಗಿತು. ಹಿತ್ತಾಳೆಯ ಚೂರುಗಳಷ್ಟೇ ಉಳಿದವು.

ಬೇರೆಯವನಾಗಿದ್ದರೆ ಇನ್ನೊಂದಕ್ಕೆ ಕಾಗದ ಬರೆಯುತ್ತಿದ್ದ. ವೆಂಡ್ಲರ್ ನಾಲ್ಕು ಮನೆಯವರನ್ನೂ ಅಂಗಳಕ್ಕೆ ಕರೆದ. ಗೆದ್ದಲು ತಿನ್ನಲಾಗದ ಹಾರ್ಮೋನಿಯಂ ನನಗೆ ಬೇಕು, ಅದು ನೀವೇ ಎಂದ. ಒಂದು ಮನೆಗೆ ಮೇಲುಸ್ವರ ಕೊಟ್ಟ, ಒಂದಕ್ಕೆ ಒಳಸ್ವರ, ಒಂದಕ್ಕೆ ನಡುಸ್ವರ, ಒಂದಕ್ಕೆ ಅಡಿಸ್ವರ. ಅವನು ಗಂಡು ದನಿ, ಹೆಣ್ಣು ದನಿ ನೋಡಿ ಕೊಟ್ಟದ್ದಲ್ಲ, ಮನೆ ನೋಡಿ ಕೊಟ್ಟದ್ದು. ಅಡಿಸ್ವರದ ಮನೆಯ ಹೆಂಗಸರು ತಮ್ಮ ಗಂಡಂದಿರ ಸ್ವರವನ್ನೇ ಒಂದು ಸ್ಥಾಯಿ ಮೇಲೆ ಹಾಡಿಕೊಳ್ಳಬೇಕು. ಸಂಗೀತ ಬಲ್ಲವರು ಕೇಳಿದರೆ ತಲೆ ಚಚ್ಚಿಕೊಂಡಾರು. ಆದರೆ ಆ ಮಾಡಿನ ಕೆಳಗೆ ನಿಂತು ಅದನ್ನು ಕೇಳಿದವರು ಯಾರೂ ತಲೆ ಚಚ್ಚಿಕೊಂಡದ್ದಿಲ್ಲ, ತಲೆ ತಗ್ಗಿಸಿದ್ದಾರೆ.

ಅಂದಿನಿಂದ ಸ್ವರ ಎನ್ನುವುದು ಅಲ್ಲಿ ಗದ್ದೆಯ ಹಾಗೆ, ಅಪ್ಪನಿಂದ ಮಗನಿಗೆ. ಸೊಸೆಯಾಗಿ ಬಂದವಳು ಬಂದ ಮನೆಯ ಸ್ವರ ಕಲಿಯಬೇಕು. ಹುಟ್ಟಿದ ಮನೆಯ ಹೆಣ್ಣುಮಕ್ಕಳು ಮೊದಲ ಸಾಲು ಮಾತ್ರ ಹಾಡಿ ಬಾಯಿ ಮುಚ್ಚಿಕೊಳ್ಳಬೇಕು, ಹೇಗೂ ಹೋಗುವವರಲ್ಲವೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತನ್ನು ದೀಕ್ಷಾಸ್ನಾನದ ನೀರು ತೊಳೆದಿರಲಿಲ್ಲ.

ಮಾಡಿನ ಹಾಡು ವೆಂಡ್ಲರನದ್ದೇ ರಚನೆ. ದೇವಾಲಯದ ಮಾಡು ಮುಗಿಯುವ ವಾರವೇ ಅವನ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳಂತೆ. ಮುರುಕು ಕನ್ನಡದಲ್ಲಿ ಅವನು ಕಟ್ಟಿದ್ದನ್ನು ಮಿಷನ್ನಿನ ಉಪದೇಶಿಗಳು ತಿದ್ದಿ ನಾಲ್ಕು ಸಾಲು ಮಾಡಿದರು:

ಮಾಡಿನ ಮೇಲೊಂದು ಮಾಡಾಗಿ ನಿಲ್ಲಯ್ಯ
ಮಳೆಗಾಲ ಬರುವ ಮುನ್ನ
ಮನೆಯಿಲ್ಲದೆ ಬಂದ ಪರದೇಶಿ ನಾನಯ್ಯ
ನಿನ್ನ ನೆರಳೆ ಎನಗೆ ಮನೆಯಿನ್ನು

ವರ್ಷಕ್ಕೊಮ್ಮೆ, ಮಳೆಗೆ ಮೊದಲು ದೇವಾಲಯದ ಹಂಚು ಕೈಯಾಡಿಸುವ ದಿನ ಇದನ್ನು ಹಾಡುವುದು. ಹಂಚುಗಳನ್ನೆಲ್ಲ ಇಳಿಸಿ, ಪಾಚಿ ಕೆರೆದು, ಒಡೆದದ್ದನ್ನು ಬದಲಿಸಿ ಮತ್ತೆ ಏರಿಸುತ್ತಾರೆ. ಕೊನೆಯ ಹಂಚು ಕೂತ ಮೇಲೆ ಒಳಗೆ ಹೋಗಿ ನಾಲ್ಕೂ ಮನೆಯವರು ನಿಂತು ಹಾಡುತ್ತಾರೆ. ಆ ಮಾಡಿನ ಕೆಳಗಲ್ಲದೆ ಬೇರೆಲ್ಲೂ ಹಾಡಬಾರದು, ಯಂತ್ರಕ್ಕೆ ಹಿಡಿಸಬಾರದು. ಒಮ್ಮೆ ಯಾರೋ ಮೊಬೈಲು ಎತ್ತಿ ಹಿಡಿದದ್ದಕ್ಕೆ ಸ್ವರ್ಣಲತಾಳ ಅಮ್ಮ ಯೆಮೀಮಬಾಯಿ ಅದನ್ನು ಕಿತ್ತುಕೊಂಡು ಕಾಣಿಕೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರು.

ಮೇಲುಸ್ವರದ ಮನೆಯ ಕೊನೆಯ ಸೊಸೆ ಈ ಯೆಮೀಮಬಾಯಿ. ಗಂಡ ಮೊದಲೇ ತೀರಿಕೊಂಡಿದ್ದರು, ಹುಟ್ಟಿದ್ದೆಲ್ಲ ಹೆಣ್ಣು. ಒಬ್ಬೊಬ್ಬಳೇ ಒಂದೊಂದು ಮನೆಗೆ ಹೋಗಿ ಒಂದೊಂದು ಸ್ವರ ಹಾಡತೊಡಗಿದಳು. ಕಿರಿಯವಳು ಸ್ವರ್ಣಲತಾ ಅಡಿಸ್ವರದ ಮನೆ ಸೇರಿದಳು. ಅವಳ ಗಂಡನನ್ನು ಎಲ್ಲರೂ ಕರೆಯುವುದು ಉಗ್ಗಪ್ಪ ಎಂದೇ. ಮೊದಲು ದೀಕ್ಷಾಸ್ನಾನ ಪಡೆದ ಅಜ್ಜನ ಹೆಸರು ಅವರ ಮನೆಯಲ್ಲಿ ತಲೆಮಾರಿಗೊಮ್ಮೆ ಬರುತ್ತದೆ. ಯೆಮೀಮಬಾಯಿಯ ಕೊನೆಗಾಲದಲ್ಲಿ ಎರಡು ವರ್ಷ ಲೋಕಕ್ಕೆಲ್ಲ ಬಂದ ರೋಗದ ಗಲಾಟೆಯಲ್ಲಿ ದೇವಾಲಯವೇ ತೆರೆಯಲಿಲ್ಲ, ಆಮೇಲೆ ಅವರು ಹಾಸಿಗೆ ಹಿಡಿದರು, ಆಮೇಲೆ ಇಲ್ಲ. ಈಗ ಊರಿನಲ್ಲಿ ಮೇಲುಸ್ವರ ಗುನುಗಿ ಅಂದರೆ ಹತ್ತು ಜನ ಹತ್ತು ಥರ ಗುನುಗುತ್ತಾರೆ. ಪಕ್ಕದವನ ಸ್ವರಕ್ಕೆ ಜಾರಿದರೆ ಕಿವಿ ಹಿಂಡಿಸಿಕೊಂಡು ಬೆಳೆದವರು ಅವರು, ತಮ್ಮದು ಬಿಟ್ಟು ಬೇರೆ ಯಾವುದನ್ನೂ ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ.

ಇಷ್ಟು ಕಥೆ. ಇದನ್ನೆಲ್ಲ ನೆನೆದು ಸ್ವರ್ಣಲತಾಳಿಗೆ ಅಂದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಮ್ಮನ ಮೇಲೆ, ಆ ಜರ್ಮನಿಯವನ ಮೇಲೆ, ಬಾಯಿ ಮುಚ್ಚು ಅಂದಾಗ ಮುಚ್ಚಿಕೊಂಡ ತನ್ನ ಮೇಲೆ. ಅಮ್ಮನ ಫೋಟೋ ಇದೆ, ಸೀರೆ ಇದೆ, ಮೀನಿನ ಪುಳಿಮುಂಚಿ ಮಾಡುವ ಕೈಹದ ಇದೆ. ಅಮ್ಮನ ದನಿ ಎಲ್ಲಿ? ಅದು ಆ ಹಾಡಿನಲ್ಲಿತ್ತು. ಹಾಡು ಆಮಂತ್ರಣದಿಂದ ಹೋದರೆ ಅಮ್ಮ ಇನ್ನೊಮ್ಮೆ ಸತ್ತ ಹಾಗೆಯೇ ಸರಿ.

ಗುರುವಾರ ಸಂಜೆ ಖಫ್ಜಿಯಿಂದ ಉಗ್ಗಪ್ಪ ಬಂದ. ಅಲ್ಲಿನ ತೈಲ ಕೇಂದ್ರದಲ್ಲಿ ಅವನು ಸೂಪರ್‌ವೈಸರ್. ವಾರಕ್ಕೊಮ್ಮೆ, ಅಲ್ಲೇ ಕೆಲಸಕ್ಕಿರುವ ಕೆಳಗಿನ ಮಹಡಿಯ ಮುನವ್ವರನ ಕಾರಿನಲ್ಲಿ ಪಾಲು ಹಾಕಿಕೊಂಡು ಮನೆಗೆ ಬರುತ್ತಾನೆ. ಶುಕ್ರವಾರ ಬೆಳಿಗ್ಗೆ ಖತೀಫಿನಿಂದ ತುಷಾರ್ ಬಂದ, ನಡುಸ್ವರದ ಮನೆಯವನು. ಇಂಡಿಯನ್ ಶಾಲೆಯ ಟೀಚರ್ ಯಶ್ಮಿತಾ ಬಂದಳು, ಒಳಸ್ವರದ ಮನೆಯ ಸೊಸೆ. ಹೊರಗೆ ಕೇಳಬಾರದೆಂದು ಕಿಟಕಿ ಹಾಕಿ, ಏಸಿ ಜೋರು ಮಾಡಿ, ಸೋಫಾದಲ್ಲಿ ಕೂತರು. ಆ ಮಾಡಿನ ಕೆಳಗಲ್ಲದೆ ಹಾಡಬಾರದೆಂಬ ನಿಯಮವನ್ನು ಆ ಬೆಳಿಗ್ಗೆ ಮುರಿದೇಬಿಟ್ಟರು. ಉಳಿಸಿಕೊಳ್ಳಲು ಇದ್ದ ದಾರಿ ಅದೊಂದೇ.

ಮೂವರೂ ಹಾಡಿದರು. ಸ್ವರ್ಣಲತಾ ಗಂಡನ ಸ್ವರವನ್ನೇ ಮೇಲಿನ ಸ್ಥಾಯಿಯಲ್ಲಿ ಹಾಡಿದಳು. ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಉಪ್ಪು ಉಂಟು, ಹುಳಿ ಉಂಟು, ಖಾರ ಉಂಟು," ಅಂದ ತುಷಾರ್. "ಮೀನೇ ಇಲ್ಲ ಮಾರ್ರೆ."

"ನಮ್ಮದು ಸರಿ ಇತ್ತು," ಅಂದ ಉಗ್ಗಪ್ಪ. ಅವನ ಸ್ವರ ಬಹುಪಾಲು ಎರಡೇ ಎರಡು ಮೆಟ್ಟಿಲಲ್ಲಿ ಹತ್ತಿ ಇಳಿಯುವಂಥದ್ದು. ಹಾಡೆಂದರೆ ಅದೇ, ಉಳಿದದ್ದೆಲ್ಲ ಅಲಂಕಾರ ಎಂದು ಅವನ ಮನೆತನ ನೂರೈವತ್ತು ವರ್ಷದಿಂದ ನಂಬಿಕೊಂಡು ಬಂದಿದೆ.

ತುಷಾರ್ ಮೂರು ಸ್ವರಕ್ಕೆ ಹೊಂದುವ ನಾಲ್ಕನೆಯದನ್ನು ಕೂತು ಊಹಿಸಿದ. ಒಂದಲ್ಲ, ನಾಲ್ಕಾರು ಬಂದವು. ಎಲ್ಲವೂ ಹೊಂದುತ್ತಿದ್ದವು, ಯಾವುದೂ ಅದಾಗಿರಲಿಲ್ಲ. ಮೊದಲ ಸಾಲು ಸ್ವರ್ಣಲತಾಳಿಗೆ ಬರುತ್ತಿತ್ತು, ಚಿಕ್ಕಂದಿನಲ್ಲಿ ಹಾಡಲು ಬಿಟ್ಟಿದ್ದು ಅದೊಂದನ್ನೇ. ಎರಡನೆಯ ಸಾಲಿಗೆ ಬಾಯಿ ತೆರೆದರೆ ಗಂಡನ ಮನೆಯ ಸ್ವರವೇ ಬಂದು ಕೂರುತ್ತಿತ್ತು. ಅಷ್ಟು ವರ್ಷ ಹಾಡಿದ್ದು ಅದನ್ನೇ ತಾನೇ. ಶುಕ್ರವಾರಗಳು ಹೀಗೇ ಹೋದವು, ಈಸ್ಟರ್ ಹತ್ತಿರ ಬಂತು.

ಅಷ್ಟರಲ್ಲಿ ಕೆಳಗಿನ ಮನೆಯಲ್ಲಿ ಮುನವ್ವರನ ಹೆಂಡತಿ ಶಹಾನಾ ಹೆತ್ತಳು. ಬಾಣಂತನಕ್ಕೆಂದು ಮುನವ್ವರನ ಅಮ್ಮ ಬೀಫಾತುಮ್ಮ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿಳಿದರು. ಹೊಟ್ಟೆಗೆ ಓಮ, ಮೈಗೆ ಎಣ್ಣೆ, ತಲೆಗೆ ಬಿಸಿನೀರು ಎಂದು ಮನೆಯನ್ನು ತಮ್ಮ ಅಂಕೆಗೆ ತಂದುಕೊಂಡರು. ಮಗುವಿನ ಕಣ್ಣು ಕೊಂಚ ಹಳದಿ ಕಂಡಿತೆಂದು ಶಹಾನಾ ಗಾಬರಿಯಾಗಿ ಒಂದು ಬೆಳಿಗ್ಗೆ ಸ್ವರ್ಣಲತಾಳನ್ನು ಕರೆದಳು. ಸ್ವರ್ಣಲತಾ ಪಾಲಿಕ್ಲಿನಿಕ್ಕಿನಲ್ಲಿ ನರ್ಸ್. ಕಟ್ಟಡದಲ್ಲಿ ಯಾರಿಗೆ ಸೀನು ಬಂದರೂ ಕರೆ ಬರುವುದು ಅವಳಿಗೇ.

ಬಾಗಿಲು ಅರೆತೆರೆದಿತ್ತು. ಒಳಗೆ ಬೀಫಾತುಮ್ಮ ನೆಲದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ತೂಗುತ್ತಿದ್ದರು. ಅಲ್ಲಾಹು, ಅಲ್ಲಾಹು ಎನ್ನುವುದೊಂದು ಬಿಟ್ಟರೆ ಹಾಡಿಗೆ ಬೇರೆ ಶಬ್ದವೇ ಇರಲಿಲ್ಲ.

ಚಪ್ಪಲಿ ಬಿಡಲು ಬಾಗಿದ್ದ ಸ್ವರ್ಣಲತಾ ಬಾಗಿದಲ್ಲೇ ಉಳಿದಳು. ಅದು ಮೊದಲ ಸಾಲು. ಅವಳಿಗೆ ಬರುತ್ತಿದ್ದ ಆ ಒಂದು ಸಾಲು. ಎಲ್ಲೋ ಹೋಲಿಕೆ ಇರಬೇಕು, ಹಾಡುಗಳೆಲ್ಲ ಒಂದಕ್ಕೊಂದು ನೆಂಟರೇ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಮುದುಕಿಯ ದನಿ ಮೇಲೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ನಿಧಾನಕ್ಕೆ ಇಳಿಯಿತು. ಮಳೆಗಾಲ ಬರುವ ಮುನ್ನ. ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು, ಯೆಮೀಮಬಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು ಅಲ್ಲೇ.

ಸ್ವರ್ಣಲತಾಳಿಗೆ ಆದದ್ದು ಹೆದರಿಕೆಯಲ್ಲ, ಆದರೂ ಹೆದರಿಕೆಯಂಥದ್ದೇ. ಮನುಷ್ಯರ ಲೆಕ್ಕಕ್ಕೆ ಸಿಗದ ಯಾರೋ ಈ ಪುಟ್ಟ ಹಜಾರದಲ್ಲಿ, ಡಯಾಪರಿನ ಪೊಟ್ಟಣ, ಖರ್ಜೂರದ ಡಬ್ಬಗಳ ನಡುವೆ ಬಂದು ನಿಂತಿದ್ದಾರೆ ಅನ್ನಿಸಿತು. ಅವಳು ಗೋಡೆ ಹಿಡಿದುಕೊಂಡು ನೆಲದಲ್ಲೇ ಕೂತುಬಿಟ್ಟಳು.

"ಎಂತಾಯ್ತು ಮಗಾ? ತಲೆ ತಿರುಗ್ತದಾ?" ಬೀಫಾತುಮ್ಮ ತೂಗುವುದನ್ನು ನಿಲ್ಲಿಸದೆ ಕೇಳಿದರು. "ಶಹಾನಾ, ನೀರು ತಾ. ನರ್ಸಿಗೇ ನರ್ಸು ಬೇಕಾಯ್ತು."

"ಉಮ್ಮಾ, ಈ ಹಾಡು ನಿಮಗೆ ಎಲ್ಲಿಂದ?"

"ಹಾಡೆಂತದು ಮಾರಾಯ್ತಿ, ತೊಟ್ಟಿಲಿಂದು. ನನ್ನ ಉಮ್ಮ ನನ್ನನ್ನು ಇದರಲ್ಲೇ ತೂಗಿದ್ದು. ಅವಳನ್ನು ಅವಳ ಉಮ್ಮ."

"ಅವರು ಎಲ್ಲಿಯವರು?"

"ಹೊಳೆ ಬದಿ. ಕುದ್ರುಬೈಲು ಅಂತ ಉಂಟು, ಅದರ ಆಚೆಕರೆ. ನನ್ನ ಅಜ್ಜಿ ಜರ್ಮನಿಯವರ ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರ್ತಿದ್ದಳು. ನಾನು ನೋಡಿದವಳಲ್ಲ ಆ ಊರು. ನನ್ನ ಉಮ್ಮನ ಕಾಲಕ್ಕೇ ಎಲ್ಲ ಬಿಟ್ಟು ಬಂಟ್ವಾಳದ ಬದಿಗೆ ಬಂದಾಗಿತ್ತು."

ಮಗುವಿನ ಕಣ್ಣು ನೋಡುತ್ತಲೇ ಸ್ವರ್ಣಲತಾ ಒಂದೊಂದಾಗಿ ಕೇಳಿದಳು, ಮುದುಕಿ ಒಂದೊಂದಾಗಿ ಹೇಳಿದರು. ಹಂಚು ಕೈಯಾಡಿಸುವ ದಿನ ಆಚೆಕರೆಯ ಬ್ಯಾರಿ ಮುಸಲ್ಮಾನ ಹೆಂಗಸರೂ ದೋಣಿಯಲ್ಲಿ ಬರುತ್ತಿದ್ದರಂತೆ. ಸಾಲು ನಿಂತು ಕೈಯಿಂದ ಕೈಗೆ ಹಂಚು ದಾಟಿಸುವುದು. ಮಾಡಿನ ಮೇಲೆ ಕೂತವರು, ಅವರು ಮೇಲುಸ್ವರದ ಮನೆಯವರೇ ಇರಬೇಕು, ಆರಾಧನೆಗೆ ಮೊದಲು ದನಿ ಹದ ಮಾಡಿಕೊಳ್ಳಲೆಂದು ಇಡೀ ಬೆಳಿಗ್ಗೆ ಗುನುಗುತ್ತಲೇ ಇರುತ್ತಿದ್ದರು. ಶಬ್ದ ಕೆಳಗಿನವರಿಗೆ ಬೇಕಿರಲಿಲ್ಲ, ರಾಗ ಕೈಗೆ ಹತ್ತಿತು. ಮಧ್ಯಾಹ್ನದ ಗಂಜಿ ಉಂಡು ದೋಣಿ ಹತ್ತುವಾಗ ಹಂಚಿನ ಧೂಳಿನ ಜೊತೆ ಅದೂ ಆಚೆಕರೆಗೆ ಹೋಯಿತು.

"ನಿಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಲಿಸ್ತಾರಾ ಇದನ್ನು?" ಸ್ವರ್ಣಲತಾ ಕೇಳಿದಳು.

ಬೀಫಾತುಮ್ಮ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. "ಮತ್ತೆ ಯಾರಿಗೆ ಕಲಿಸುವುದು? ಗಂಡಸರು ತೂಗ್ತಾರಾ? ಹೆಣ್ಣು ಎಲ್ಲಿಗೆ ಹೋಗ್ತಾಳೋ ತೊಟ್ಟಿಲ ಹಾಡು ಅಲ್ಲಿಗೆ."

ಸ್ವರ್ಣಲತಾ ಮಗುವಿನ ಕಣ್ಣುರೆಪ್ಪೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು. ಈಚೆಕರೆಯಲ್ಲಿ ಹೆಣ್ಣನ್ನು ಕಳಿಸುವಾಗ ಬಾಯಿ ಮುಚ್ಚಿಸಿ ಕಳಿಸಿದರು, ಹಾಡು ಸತ್ತಿತು. ಆಚೆಕರೆಯಲ್ಲಿ ಹೆಣ್ಣಿನ ಮಡಿಲಿಗೇ ಹಾಕಿ ಕಳಿಸಿದರು, ಅದು ಸಮುದ್ರ ದಾಟಿ ಇಲ್ಲಿಗೆ ಬಂತು. ಮಗುವಿನ ಕಣ್ಣಿನ ಹಳದಿ ಹೆದರುವಂಥದ್ದಲ್ಲ, ಬೆಳಗಿನ ಬಿಸಿಲಿಗೆ ಹಿಡಿದು, ಹಾಲು ಚೆನ್ನಾಗಿ ಕುಡಿಸಿ, ನಾಳೆ ಒಮ್ಮೆ ಕ್ಲಿನಿಕ್ಕಿಗೆ ತನ್ನಿ ಎಂದು ಹೇಳಿ ಮೇಲೆ ಬಂದಳು. ಬಾಗಿಲು ಹಾಕಿಕೊಂಡು ಅತ್ತಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಅತ್ತಳು.

ಮರುದಿನ ಮತ್ತೆ ಹೋಗಿ ಎಲ್ಲ ಕಥೆಯನ್ನೂ ಹೇಳಿದಳು. ಬೀಫಾತುಮ್ಮ ಬಾಯಿ ತೆರೆದುಕೊಂಡು ಕೇಳಿದರು. ನಿಮ್ಮ ದನಿಯನ್ನು ಫೋನಿನಲ್ಲಿ ಹಿಡಿದುಕೊಳ್ಳಲೇ ಎಂದದ್ದಕ್ಕೆ ಮಾತ್ರ ಬೇಡವೆಂದು ಕೈಯಲ್ಲಾಡಿಸಿಬಿಟ್ಟರು.

"ನನ್ನ ದನಿ ಫೋನಲ್ಲಿ ಬೇಡ ಮಗಾ, ಯಾರ್ಯಾರೋ ಕೇಳ್ತಾರೆ. ನಿಮ್ಮ ಪ್ರಾರ್ಥನೆಗೂ ನಾನು ಬರುವವಳಲ್ಲ, ಬೇಜಾರು ಮಾಡ್ಬೇಡ. ಆದ್ರೆ ಮಗುವನ್ನು ದಿನಾ ತೂಗ್ತೇನಲ್ಲ. ನೀನು ಬಂದು ಕೂರು. ನೀವೆಲ್ಲ ಬಂದು ಕೂರಿ. ಯಾರು ಬೇಡ ಹೇಳಿದ್ದು?"

"ನಾನು ಕಲೀಬಹುದಾ?"

"ತೊಟ್ಟಿಲ ಹಾಡಿಗೆ ಪರ್ಮಿಷನ್ ಎಂತ?"

ಪರ್ಮಿಷನ್ ಬೇಕಾಗಿದ್ದದ್ದು ಮೇಲಿನ ಮಹಡಿಯಲ್ಲಿ. ಗುರುವಾರ ಬಂದ ಉಗ್ಗಪ್ಪ ಎಲ್ಲವನ್ನೂ ಕೇಳಿ, ಆಶ್ಚರ್ಯಪಟ್ಟು, ಎರಡು ಸಲ ದೇವರ ಹೆಸರು ಹೇಳಿ, ಕೊನೆಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದ.

"ನೀನು ಕಲಿಯುವ ಹಾಗಿಲ್ಲ. ಬೇರೆ ಯಾರಾದರೂ ಕಲೀಲಿ."

"ಬೇರೆ ಯಾರು? ಯಶ್ಮಿತಾಳಿಗೆ ಅವಳ ಸ್ವರ ಉಂಟು."

"ನಿನಗೂ ಉಂಟಲ್ಲ. ನನ್ನ ಅಮ್ಮ ನಿನ್ನ ಕೈ ಹಿಡಿದು ಕಲಿಸಿದ್ದು. ಅಡಿಸ್ವರದ ಮನೆಯ ಸೊಸೆ ಮೇಲುಸ್ವರ ಹಾಡಿದ್ದು ಇವತ್ತಿನವರೆಗೆ ಉಂಟಾ? ಊರಲ್ಲಿ ಎಂತ ಹೇಳ್ತಾರೆ? ಉಗ್ಗಪ್ಪನ ಹೆಂಡತಿ ಗಂಡನ ಮನೆ ಬಿಟ್ಟಳು ಅಂತ ಹೇಳ್ತಾರೆ."

"ಹಾಗಾದ್ರೆ ಹಾಡು ಸಾಯ್ಲಿ ಅಂತೀರಾ?"

"ನಾನು ಹಾಗೆ ಹೇಳಲಿಲ್ಲ." ಅವನ ದನಿ ಏರಿತು. "ಹಿಂದಿನವರು ಇಟ್ಟ ಕ್ರಮ ಅದು! ನಿನ್ನಲ್ಲೂ ನನ್ನಲ್ಲೂ ಕೇಳಿ ಇಟ್ಟದ್ದಲ್ಲ!"

"ಕ್ರಮ ಇಟ್ಟವನು ಗೆದ್ದಲು ತಿಂದದ್ದಕ್ಕೆ ಇಟ್ಟದ್ದು," ಅಂದಳು ಸ್ವರ್ಣಲತಾ. "ಹಾಡು ಉಳೀಲಿ ಅಂತ ಇಟ್ಟದ್ದು. ಈಗ ಆ ಕ್ರಮವೇ ಗೆದ್ದಲು ಆಗಿದೆ ಉಗ್ಗಪ್ಪ."

ಗಂಡನನ್ನು ಅವಳು ಹೆಸರು ಹಿಡಿದು ಕರೆದದ್ದು ಅಪರೂಪ. ಅವನು ಊಟದ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಿ ಕೂತ.

ಮರುದಿನ ಈಸ್ಟರಿನ ಮೊದಲಿನ ಶುಭ ಶುಕ್ರವಾರ. ತುಷಾರ್, ಯಶ್ಮಿತಾ ಬಂದರು. ಮುನವ್ವರ್ ಜುಮಾ ನಮಾಜಿಗೆಂದು ಬೇಗ ಹೊರಟವನು ಮೆಟ್ಟಿಲಲ್ಲಿ ಸಿಕ್ಕಿ, "ಯಲ್ಲಾ, ಕೆಳಗೆ ಹೋಗಿ, ಉಮ್ಮ ನಿಮಗೆಲ್ಲ ತಾರಿ ಪಾಯಸ ಮಾಡಿಟ್ಟಿದ್ದಾರೆ," ಎಂದು ಕೂಗಿ ಹೋದ. ಉಗ್ಗಪ್ಪನೂ ಬಂದ. ಮುಖ ಊದಿಸಿಕೊಂಡೇ ಬಂದ, ಕೋಲು ನುಂಗಿದವನ ಹಾಗೆ ಒಂದು ಮೂಲೆಯಲ್ಲಿ ನಿಂತ.

ಬೀಫಾತುಮ್ಮ ತಲೆಯ ಮೇಲೆ ವಲ್ಲಿ ಸರಿಮಾಡಿಕೊಂಡು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು. "ನಾನು ಮಗುವನ್ನು ಮಲಗಿಸುವುದು," ಎಂದು ಎಲ್ಲರಿಗೂ ಒಮ್ಮೆ ಸ್ಪಷ್ಟ ಮಾಡಿದರು. "ನೀವು ನಿಮ್ಮದು ಮಾಡಿ. ಜೋರು ಮಾಡ್ಬೇಡಿ, ಎಚ್ಚರಾದ್ರೆ ನೀವೇ ನೋಡ್ಬೇಕು."

ಮುದುಕಿ ಸುರು ಮಾಡಿದರು. ಮೊದಲ ಸಾಲು ಅವರೊಬ್ಬರದ್ದೇ. ಎರಡನೆಯದಕ್ಕೆ ತುಷಾರ್ ಮೆಲ್ಲಗೆ ಸೇರಿದ, ಅವನ ಹಿಂದೆಯೇ ಯಶ್ಮಿತಾ. ಮೂಲೆಯಲ್ಲಿದ್ದ ಉಗ್ಗಪ್ಪ ಕೈಕಟ್ಟಿ ನಿಂತಿದ್ದವನು, ಕೈ ಬಿಚ್ಚಿದ. ಅವನು ಹಾಡಬೇಕೆಂದು ಹಾಡಿದನೋ, ಅವನ ಅಜ್ಜಂದಿರು ಅವನನ್ನು ಹಾಡಿಸಿದರೋ, ಅಡಿಸ್ವರ ನೆಲದಿಂದ ಎದ್ದು ಬಂತು.

ಆ ಕ್ಷಣ ಏನಾಯಿತೆಂದು ಅವರಲ್ಲಿ ಯಾರಿಗೂ ಆಮೇಲೆ ಸರಿಯಾಗಿ ಹೇಳಲು ಬಂದಿಲ್ಲ. ಹಜಾರ ದೊಡ್ಡದಾಯಿತು ಅಂದಳು ಯಶ್ಮಿತಾ. ತನ್ನ ಸ್ವರಕ್ಕೆ ಇಷ್ಟು ದಿನ ಯಾಕೆ ಅಲ್ಲಿ ಬಾಗಬೇಕಿತ್ತು, ಇಲ್ಲಿ ಕಾಯಬೇಕಿತ್ತು ಎಂಬುದು ಆಗ ತಿಳಿಯಿತು ಅಂದ ತುಷಾರ್. ಅವನು ಬಾಗುತ್ತಿದ್ದದ್ದು ಮೇಲುಸ್ವರಕ್ಕೆ ದಾರಿ ಬಿಡಲು. ನಾಲ್ಕು ಮನೆ, ಎರಡು ಕರೆ, ಕರ್ತನ ಹೆಸರು, ಅಲ್ಲಾಹನ ಹೆಸರು, ಒಂದೇ ಮಾಡು. ಬಾಣಂತಿ ಶಹಾನಾ ಕೋಣೆಯ ಬಾಗಿಲಿಗೆ ಬಂದು ನಿಂತವಳು ಬಾಯಿಗೆ ಕೈ ಹಿಡಿದಳು. ಸತ್ತ ಮಗಳಿಗಾಗಿ ಒಬ್ಬ ಪರದೇಶಿ ಕಟ್ಟಿದ ಹಾಡು ಬೇರೆಯವರ ಮಕ್ಕಳನ್ನು ತಲೆಮಾರು ತಲೆಮಾರು ಮಲಗಿಸಿಕೊಂಡು ಬಂದಿತ್ತು. ಯಾರು ಬಲ್ಲರು, ಮಾರ್ಗರೇಟ ತನ್ನ ಮಗುವಿನ ತೊಟ್ಟಿಲ ಬಳಿ ಗುನುಗಿದ್ದನ್ನೇ ಗಂಡ ಮಾಡಿಗೆ ಏರಿಸಿದ್ದನೋ ಏನೋ.

ಮೂರನೆಯ ಸಾಲು ಮುಗಿಯಿತು. ಬೀಫಾತುಮ್ಮ ನಿಲ್ಲಿಸಿಬಿಟ್ಟರು.

"ಮಲಗಿತು," ಎಂದು ಪಿಸುಗುಟ್ಟಿದರು. ಅವರಿಗೆ ಹಾಡು ಇದ್ದದ್ದೇ ಅಷ್ಟು. ಅಜ್ಜಿ ಅಷ್ಟೇ ಹಾಡುತ್ತಿದ್ದದ್ದು, ಉಮ್ಮ ಅಷ್ಟೇ. ಅದರಾಚೆಗೆ ಎಚ್ಚರವಿದ್ದ ಮಗು ಅವರ ಮನೆತನದಲ್ಲಿ ಹುಟ್ಟಿರಲಿಲ್ಲ.

ಕೆಳಗಿನ ಸ್ವರಗಳು ನಿಲ್ಲಲಿಲ್ಲ. ನಿಲ್ಲಿಸಲು ಅವರಿಗೆ ಗೊತ್ತೇ ಇರಲಿಲ್ಲ, ನಾಲ್ಕು ಸಾಲು ಎಂದರೆ ನಾಲ್ಕು ಸಾಲು. ಮೂರೂ ಸ್ವರ ನಾಲ್ಕನೆಯ ಸಾಲಿಗೆ ಕಾಲಿಟ್ಟವು, ಮೇಲೆ ಮಾತ್ರ ಬರಿದೋ ಬರಿದು. ಇಲ್ಲಿಯವರೆಗೆ ಬಾಯಿ ಬಿಗಿಹಿಡಿದು, ಮುದುಕಿಯ ದನಿಯನ್ನೇ ನುಂಗುತ್ತ ಕೂತಿದ್ದ ಸ್ವರ್ಣಲತಾ ಗಂಡನ ಮುಖ ನೋಡಿದಳು. ಗಂಡನ ಸ್ವರ ಹಾಡಲೆಂದೇ ಬಾಯಿ ತೆರೆದಳು, ಅಭ್ಯಾಸ ಅದೇ ಅಲ್ಲವೇ. ಬಂದದ್ದು ಬೇರೆ.

ನಿನ್ನ ನೆರಳೆ ಎನಗೆ ಮನೆಯಿನ್ನು.

ಅದು ಇಳಿಯುತ್ತದೆಂದು ತುಷಾರ್ ಊಹಿಸಿದ್ದ. ಇಳಿಯಲಿಲ್ಲ. ನೆರಳೆ ಎಂಬಲ್ಲಿ ಮೆಲ್ಲನೆ ಏರಿ, ಮನೆ ಎಂಬಲ್ಲಿ ನಿಂತು, ಅಲ್ಲೇ ಉಳಿಯಿತು. ಹಾಡುತ್ತಿದ್ದವಳಿಗೇ ಅದು ತನ್ನ ಗಂಟಲೆಂದು ನಂಬಿಕೆ ಬರಲಿಲ್ಲ. ಆ ದನಿಯಲ್ಲಿ ಒಂದು ಚೂರು ಒರಟುತನ ಇತ್ತು, ಕಿತ್ತುಕೊಂಡ ಮೊಬೈಲನ್ನು ಪೆಟ್ಟಿಗೆಗೆ ಹಾಕುವಂಥವರ ಒರಟುತನ.

ಎಲ್ಲರೂ ನಿಲ್ಲಿಸಿದರು. ಮಗುವಿನ ಉಸಿರೊಂದು ಕೇಳುತ್ತಿತ್ತು.

"ಇದೇನಾ?" ಸ್ವರ್ಣಲತಾ ಕೇಳಿದಳು. "ಇದೇ ಹೌದಾ? ನಾನೇ ಎಂತದಾದರೂ ಮಾಡಿ ಹಾಡಿದೆನಾ? ಯಾರಾದ್ರೂ ಹೇಳಿ."

ಹೇಳಬೇಕಾದವರು ಮೂರು ವರ್ಷದ ಹಿಂದೆ ಮಣ್ಣಿಗೆ ಹೋಗಿದ್ದರು. ಯಶ್ಮಿತಾ ಕಣ್ಣೊರೆಸಿಕೊಂಡಳು. ಬೀಫಾತುಮ್ಮನಿಗೆ ಆ ಸಾಲೇ ಹೊಸತು.

ಉಗ್ಗಪ್ಪ ಮೂಲೆಯಿಂದ ಬಂದು ಹೆಂಡತಿಯ ಎದುರು ಚಾಪೆಯ ಮೇಲೆ ಕೂತ. ಅವನ ಮುಖದ ಊತ ಎಲ್ಲೋ ಹೋಗಿತ್ತು.

"ಇದೇ," ಅಂದ. "ಮೇಲಿನದ್ದು ನನಗೆ ಹಾಡಲು ಬರುವುದಿಲ್ಲ, ಕೇಳಿದ ನೆನಪೂ ಇಲ್ಲ. ಆದ್ರೆ ನನ್ನ ಸ್ವರಕ್ಕೆ ಗೊತ್ತುಂಟು. ಕೊನೆಯಲ್ಲಿ ನನಗೆ ಯಾವಾಗಲೂ ಒಂದು ಭಾರ ಬರ್ತಿತ್ತು ಲತಾ, ಮೇಲಿಂದ ಯಾರೋ ಕೈ ಇಟ್ಟ ಹಾಗೆ. ಅತ್ತೆ ಹೋದ ಮೇಲೆ ಬಂದಿರಲಿಲ್ಲ. ಈಗ ಬಂತು."

ನೂರೈವತ್ತು ವರ್ಷದ ಕ್ರಮವೊಂದನ್ನು ಎತ್ತಿ ಕೆಳಗಿಡುವುದು ಅವನಂಥವನಿಗೆ ಸುಲಭವಲ್ಲ.

"ಊರಲ್ಲಿ ಹಾಡುವಾಗ ನೀನು ನನ್ನ ಹತ್ತಿರ ನಿಲ್ಲಬೇಡ," ಅಂದ. "ನಿನ್ನ ಅಮ್ಮನ ಜಾಗ ಖಾಲಿ ಉಂಟಲ್ಲ. ಅಲ್ಲಿ ನಿಲ್ಲು. ಯಾರಾದ್ರೂ ಕೇಳಿದ್ರೆ, ನಾನೇ ಕಳಿಸಿದ್ದು ಅಂತ ನಾನು ಹೇಳ್ತೇನೆ."

ಬೀಫಾತುಮ್ಮ ಸ್ವರ್ಣಲತಾಳ ತಲೆಯನ್ನು ಎಳೆದು ತಮ್ಮ ಹೆಗಲಿಗೆ ಒರಗಿಸಿಕೊಂಡು, ಮಗು ಮಲಗಿದ್ದ ಕಾಲನ್ನು ಅಲುಗಿಸದೆ, ಕಿವಿಯ ಬಳಿ ಕೇಳಿದರು:

"ಮಗಾ, ಆ ಕೊನೆಯ ಸಾಲು ಇನ್ನೊಮ್ಮೆ ಹೇಳಿಕೊಡು. ನನ್ನ ಮೊಮ್ಮಗಳಿಗೆ ಪೂರ್ತಿ ಬೇಕು."